ಪೀತಜ್ವರದ ಬೆನ್ನು ಹತ್ತಿದವನು

ಕಳೆದ ಮಳೆಗಾಲದಲ್ಲಿ ನನ್ನ ಮಗನಿಗೆ ಡೆಂಗಿ ಜ್ವರ ತಗುಲಿದ್ದಿತು. ಜ್ವರ ಬಿಟ್ಟ ಮೇಲೂ ಅನ್ನ ಕಂಡರೆ ಓಕರಿಕೆ. ರಕ್ತಪರೀಕ್ಷೆಯ ಕಾಗದವನ್ನು ನೋಡಿದ ವೈದ್ಯರು, ಸೊಳ್ಳೆ ತಂದ ವಿಷಾಣು ಹುಡುಗನ ಯಕೃತ್ತನ್ನೂ ಮುಟ್ಟಿದೆಯೆಂದೂ, ಕೆಲವು ವಾರಗಳಲ್ಲಿ ಸರಿಹೋಗುವುದೆಂದೂ ಹೇಳಿದರು. ಸರಿಹೋಯಿತು. ಆದರೆ ಹಳಗನ್ನಡ ಕಾವ್ಯದ ಪಾಠ ಹೇಳುವುದರಲ್ಲೇ ಕಾಲ ಕಳೆದ ನನಗೆ, ತೋಳಿನ ಮೇಲೆ ಕುಳಿತ ಕೀಟವೊಂದು ಒಡಲೊಳಗಿನ ಯಕೃತ್ತನ್ನು ಹೇಗೆ ಕೆಡಿಸೀತೆಂಬ ಪ್ರಶ್ನೆ ಬಿಡದೆ ಕಾಡಿತು. ಮಗನ ಮಂಚದ ಪಕ್ಕ ಎಚ್ಚರವಿದ್ದ ರಾತ್ರಿಗಳಲ್ಲಿ ಆ ವಿಷಯವನ್ನು ಓದುತ್ತ ಹೋದಂತೆ, ಡೆಂಗಿಗಿಂತಲೂ ಉಗ್ರವಾದ ಅದರ ದಾಯಾದಿ ಪೀತಜ್ವರದ ಚರಿತ್ರೆಯೂ, ಅದರೊಳಗಿನಿಂದ ಒಬ್ಬ ಜಪಾನಿ ವಿಜ್ಞಾನಿಯ ಬಾಳೂ ಎದುರು ಬಂದವು. ಆತನ ಹೆಸರು ಹಿದೆಯೊ ನೊಗುಚಿ.

1876ರ ನವೆಂಬರಿನಲ್ಲಿ, ಫುಕುಶಿಮಾ ಪ್ರಾಂತದ ಇನವಾಶಿರೊ ಎಂಬ ಸರೋವರದ ಸೀಮೆಯಲ್ಲಿ, ಬಡ ಒಕ್ಕಲು ಮನೆಯಲ್ಲಿ ಆತ ಹುಟ್ಟಿದನು. ತಾಯಿ ಶಿಕಾ ದುಡಿದು ಮನೆ ನಡೆಸುತ್ತಿದ್ದವಳು. ಕೂಸಿಗೆ ಒಂದೂವರೆ ವರ್ಷವಾಗಿದ್ದಾಗ, ಆಕೆ ಹೊರಗೆ ಕೆಲಸದಲ್ಲಿದ್ದ ಹೊತ್ತಿನಲ್ಲಿ, ಅದು ನೆಲದ ಅಗ್ಗಿಷ್ಟಿಕೆಗೆ ಉರುಳಿಬಿದ್ದಿತು. ಎಡಗೈಯ ಬೆರಳುಗಳು ಬೆಂದು ಒಂದಕ್ಕೊಂದು ಅಂಟಿಹೋದವು. ಉಳುವ ಕೈ ಹೋದ ಮೇಲೆ ಓದುವ ತಲೆಯಾದರೂ ಇರಲೆಂದು ತಾಯಿ ಮಗನನ್ನು ಶಾಲೆಗೆ ಕಳುಹಿಸಿದಳು. ಕೊಬಯಾಶಿ ಎಂಬ ಉಪಾಧ್ಯಾಯನು ಹುಡುಗನ ಬುದ್ಧಿಯನ್ನು ಗುರುತಿಸಿದನು. ಸಹಪಾಠಿಗಳು ಹಣ ಕೂಡಿಸಿದರು. 1892ರಲ್ಲಿ ಶಸ್ತ್ರಚಿಕಿತ್ಸೆಯಾಗಿ ಬೆರಳುಗಳು ಒಂದಿಷ್ಟು ಬಿಡಿಯಾದವು. ಕೈಯನ್ನು ಬಿಡಿಸಿದ ವೈದ್ಯನ ಬಳಿಯಲ್ಲೇ ಹುಡುಗ ಶಿಷ್ಯನಾಗಿ ನಿಂತನು. 1896ರಲ್ಲಿ ಊರು ಬಿಡುವಾಗ, ನೆನೆದುದನ್ನು ಸಾಧಿಸದೆ ಈ ನೆಲವನ್ನು ಮತ್ತೆ ಮೆಟ್ಟುವುದಿಲ್ಲವೆಂದು ಮನೆಯ ಕಂಬದ ಮೇಲೆ ಕೆತ್ತಿ ಹೋದನು. ಆ ಕಂಬ ಇಂದಿಗೂ ಅಲ್ಲಿದೆ.

ಪುಣ್ಯಪುರುಷರ ಚರಿತ್ರೆಯಂತೆ ಇದನ್ನು ಹೇಳಬಾರದು. ತಾರುಣ್ಯದಲ್ಲಿ ನೊಗುಚಿ ಸಾಲಗಾರ, ದುಂದುಗಾರ, ಕುಡಿತದ ಗೋಷ್ಠಿಗಳಲ್ಲಿ ಪರರ ಹಣವನ್ನು ಕರಗಿಸಿದವನು. ಟೋಕಿಯೋದಲ್ಲಿ ಕಿತಸಾತೊ ಎಂಬ ಹಿರಿಯ ವಿಜ್ಞಾನಿಯ ಸಂಸ್ಥೆಯಲ್ಲಿ ಸಹಾಯಕನಾಗಿದ್ದಾಗ, 1899ರಲ್ಲಿ ಅಲ್ಲಿಗೆ ಬಂದ ಅಮೆರಿಕದ ಸೈಮನ್ ಫ್ಲೆಕ್ಸ್‌ನರನ ಪರಿಚಯವಾಯಿತು. ಮರುವರ್ಷವೇ, ಕರೆಯದೆ, ಆತನನ್ನರಸಿ ಫಿಲಡೆಲ್ಫಿಯಾಕ್ಕೆ ಹೋಗಿ ನಿಂತನು. ಅಲ್ಲಿ ಹಾವಿನ ವಿಷವನ್ನು ಕುರಿತು ದುಡಿದನು. 1904ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯನ್ನು ಸೇರಿದನು. 1913ರಲ್ಲಿ, ಬುದ್ಧಿಭ್ರಮಣೆಯಿಂದ ಸತ್ತ ಪಾರ್ಶ್ವವಾಯು ರೋಗಿಗಳ ಮಿದುಳಿನಲ್ಲಿ ಉಪದಂಶದ ಸುರುಳಿಜೀವಿಯನ್ನು ತೋರಿಸಿಕೊಟ್ಟನು. ಇದು ಇಂದಿಗೂ ನಿಲ್ಲುವ ಸಾಧನೆ. ಅದೇ ಕಾಲದಲ್ಲಿ, ಅನುಮತಿ ಕೇಳದೆ ರೋಗಿಗಳ ಮೇಲೂ ಅನಾಥ ಮಕ್ಕಳ ಮೇಲೂ ಚರ್ಮಪರೀಕ್ಷೆ ನಡೆಸಿದನೆಂಬ ಅಪವಾದವೂ ಬಂದಿತು. ಅದನ್ನು ಮರೆಮಾಚಿ ಬರೆಯುವುದು ನನಗೆ ಒಪ್ಪಿಗೆಯಿಲ್ಲ.

ಅಕ್ಷರ ಬಾರದ ತಾಯಿ, ಮಗನಿಗೆ ಬರೆಯಬೇಕೆಂದೇ ಅಕ್ಷರಗಳನ್ನು ತಿದ್ದಿ, ಬೇಗ ಬಾರೆಂದು ಕಾಗದ ಬರೆದಳು. 1915ರಲ್ಲಿ ಆತ ಬಂದು ನೋಡಿಹೋದನು. ಮತ್ತೆ ಬರಲಿಲ್ಲ.

1918ರಲ್ಲಿ ಆತನನ್ನು ಈಕ್ವೆಡಾರಿನ ಗ್ವಾಯಾಕಿಲ್ ಬಂದರಿಗೆ ಕಳುಹಿಸಿದರು. ಪೀತಜ್ವರದ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಈಡಿಸ್ ಸೊಳ್ಳೆ ಕಚ್ಚಿ ಕೆಲವು ದಿನಗಳಾದ ಮೇಲೆ ಜ್ವರ, ಮೈಕೈ ನೋವು. ಬಳಿಕ ಒಂದೆರಡು ದಿನ ಎಲ್ಲವೂ ಇಳಿದು, ರೋಗಿ ಗುಣವಾದೆನೆಂದು ಎದ್ದು ಕುಳಿತುಕೊಳ್ಳುತ್ತಾನೆ. ಹಲವರು ನಿಜವಾಗಿಯೂ ಗುಣವಾಗುತ್ತಾರೆ. ಉಳಿದವರಲ್ಲಿ ಜ್ವರ ಮರಳುತ್ತದೆ. ಆ ವೇಳೆಗೆ ವಿಷಾಣು ಯಕೃತ್ತಿನ ಕೋಶಗಳೊಳಗೆ ನೆಲೆಸಿ, ಪ್ರತಿಯೊಂದು ಖಂಡಿಕೆಯ ನಡುವಲಯವನ್ನು ವಿಶೇಷವಾಗಿ ಹಾಳುಮಾಡಿರುತ್ತದೆ. ಪಿತ್ತದ ಬಣ್ಣ ರಕ್ತದಲ್ಲಿ ಉಳಿದು ಕಣ್ಣು, ಚರ್ಮ ಹಳದಿಯಾಗುತ್ತವೆ. ರಕ್ತ ಹೆಪ್ಪುಗಟ್ಟಲು ಬೇಕಾದ ವಸ್ತುಗಳನ್ನು ತಯಾರಿಸುವುದೂ ಯಕೃತ್ತೇ. ಅದು ಸೋತರೆ ಒಸಡು ಮೂಗುಗಳಿಂದ ರಕ್ತ, ಹೊಟ್ಟೆಯಿಂದ ಕರಿಯ ವಾಂತಿ. ಈ ಹಂತವನ್ನು ಮುಟ್ಟಿದವರಲ್ಲಿ ಅರ್ಧದಷ್ಟು ಮಂದಿ ಹತ್ತು ದಿನಗಳೊಳಗೆ ಸಾಯುತ್ತಾರೆ. ಬದುಕಿದವರ ಯಕೃತ್ತು ಮಾತ್ರ ಸಾಮಾನ್ಯವಾಗಿ ಕಲೆಯೂ ಉಳಿಯದಂತೆ ಮತ್ತೆ ಬೆಳೆದುಕೊಳ್ಳುತ್ತದೆ.

ಸೊಳ್ಳೆಯೇ ವಾಹಕವೆಂಬುದನ್ನು 1900ರಲ್ಲಿ ಕ್ಯೂಬಾದಲ್ಲಿ ವಾಲ್ಟರ್ ರೀಡ್‌ನ ತಂಡ ಸ್ಥಾಪಿಸಿದ್ದಿತು. ರೋಗಕಾರಕವು ಸೂಕ್ಷ್ಮ ಶೋಧಕದ ಮೂಲಕ ನುಸುಳುವಷ್ಟು ಕಿರಿದೆಂದೂ ತಿಳಿದಿದ್ದಿತು. ನೊಗುಚಿಗೆ ಕಾಯುವ ತಾಳ್ಮೆಯಿರಲಿಲ್ಲ. ಗ್ವಾಯಾಕಿಲ್ ತಲುಪಿದ ಕೆಲವೇ ದಿನಗಳಲ್ಲಿ ರೋಗಿಗಳ ರಕ್ತವನ್ನು ಗಿನಿಯಿಲಿಗಳಿಗೆ ಚುಚ್ಚಿದನು. ಕೆಲವು ಇಲಿಗಳು ಹಳದಿಯಾಗಿ ಸತ್ತವು. ಅವುಗಳಲ್ಲಿ ಸುರುಳಿಯಾಕಾರದ ಜೀವಿಯೊಂದು ಕಂಡಿತು. ಇದೇ ಪೀತಜ್ವರದ ಮೂಲವೆಂದು ಆತ ಸಾರಿದನು. ಈಕ್ವೆಡಾರ್ ಆತನಿಗೆ ತನ್ನ ಸೈನ್ಯದ ಗೌರವ ಪದವಿಯನ್ನೇ ಕೊಟ್ಟಿತು. ಅದೇ ವರ್ಷದ ನವೆಂಬರಿನಲ್ಲಿ ತಾಯಿ ತೀರಿಕೊಂಡಳು.

ಆತ ಕಂಡದ್ದು ಇಲಿಜ್ವರದ ಜೀವಿಯನ್ನು. ಅದೂ ಯಕೃತ್ತನ್ನು ಕೆಡಿಸುತ್ತದೆ, ಅದರಲ್ಲಿಯೂ ಕಣ್ಣು ಹಳದಿಯಾಗುತ್ತದೆ. ಮಂಚದ ಮೇಲಿನ ಎರಡು ರೋಗಿಗಳನ್ನು ಬರಿಗಣ್ಣಿನಿಂದ ಬೇರ್ಪಡಿಸುವುದು ಕಷ್ಟ. ಪೀತಜ್ವರದ ವಿಷಾಣುವಾದರೋ ಗಿನಿಯಿಲಿಗಳಿಗೆ ಆ ರೋಗವನ್ನು ತರುವುದೇ ಇಲ್ಲ. ಇಲಿಗಳು ಹಳದಿಯಾದುದೇ ಎಚ್ಚರಿಕೆಯಾಗಬೇಕಿತ್ತು. ಕ್ಯೂಬಾದ ಅಗ್ರಮಾಂಟೆ ಮೊದಲಾದವರು ಸಂಶಯಪಟ್ಟರು, ನೊಗುಚಿ ಒಪ್ಪಲಿಲ್ಲ. ಆತನ ಸಿದ್ಧಾಂತದ ಮೇಲೆ ತಯಾರಾದ ಲಸಿಕೆ ಎಷ್ಟೋ ಜನರ ಮೈ ಸೇರಿತು, ಅವರನ್ನು ರಕ್ಷಿಸಲಾರದೆ. 1926ರಲ್ಲಿ ಹಾರ್ವರ್ಡಿನ ಥೈಲರ್ ಮತ್ತು ಸೆಲರ್ಡ್ಸ್ ಆ ಜೀವಿ ಇಲಿಜ್ವರದ್ದೇ ಎಂದು ತೋರಿಸಿದರು. ಲಸಿಕೆಯ ತಯಾರಿಕೆ ನಿಂತಿತು. ಪಾಠದಲ್ಲಿ ಒಮ್ಮೆ ತಪ್ಪು ಅರ್ಥ ಹೇಳಿದರೆ ಮರುದಿನ ತರಗತಿಯಲ್ಲಿ ತಿದ್ದಿಕೊಳ್ಳಲು ನಾನೇ ಎಷ್ಟು ಹಿಂಜರಿದಿದ್ದೇನೆ! ಇಡೀ ಲೋಕದ ಮುಂದೆ ತಿದ್ದಿಕೊಳ್ಳಬೇಕಾದವನ ಸಂಕಟವನ್ನು ಅಳೆಯಲು ನನಗೆ ಧೈರ್ಯವಿಲ್ಲ.

1927ರ ಜೂನಿನಲ್ಲಿ ಪಶ್ಚಿಮ ಆಫ್ರಿಕದಲ್ಲಿ ಏಡ್ರಿಯನ್ ಸ್ಟೋಕ್ಸ್ ಮತ್ತು ಸಂಗಡಿಗರು ಅಸಿಬಿ ಎಂಬ ರೋಗಿಯ ರಕ್ತವನ್ನು ತೆಗೆದು, ಭಾರತದಿಂದ ತರಿಸಿದ ಕೋತಿಗೆ ಚುಚ್ಚಿದರು. ಕೋತಿ ಸತ್ತಿತು; ಪೀತಜ್ವರ ವಿಷಾಣುವಿನದೆಂಬುದು ಸ್ಪಷ್ಟವಾಯಿತು. ಅಸಿಬಿ ಬದುಕಿದನು. ಸ್ಟೋಕ್ಸ್ ಸೆಪ್ಟೆಂಬರಿನಲ್ಲಿ ಅದೇ ಜ್ವರದಿಂದ ತೀರಿಕೊಂಡನು.

ಆ ನವೆಂಬರಿನಲ್ಲಿ ನೊಗುಚಿ ಅಕ್ರಾಕ್ಕೆ ಬಂದಿಳಿದನು. ತನ್ನನ್ನು ಸಮರ್ಥಿಸಿಕೊಳ್ಳಲೋ, ತಪ್ಪನ್ನು ತಾನೇ ಕಂಡುಕೊಳ್ಳಲೋ ತಿಳಿಯದು, ಎರಡೂ ಇದ್ದಿರಬೇಕು. ಇತರರಿಂದ ದೂರವಾಗಿ, ಹಗಲಿರುಳೆನ್ನದೆ, ನೂರಾರು ಕೋತಿಗಳ ನಡುವೆ ದುಡಿದನು. ನಡುವೆ ಒಮ್ಮೆ ಕಾಯಿಲೆ ಬಿದ್ದೆದ್ದು, ಅದು ಪೀತಜ್ವರವೇ, ಇನ್ನು ತನಗೆ ಭಯವಿಲ್ಲವೆಂದು ಬಗೆದನು. 1928ರ ಮೇ ತಿಂಗಳಲ್ಲಿ ಲಾಗೋಸಿಗೆ ಹೋಗಿ ಬರುವಾಗ ಜ್ವರ ಹಿಡಿಯಿತು. ಮೇ 21ರಂದು, ತನ್ನ 51ನೆಯ ವಯಸ್ಸಿನಲ್ಲಿ ಮಡಿದನು. ಶವಪರೀಕ್ಷೆ ನಡೆಸಿದ ಪ್ರಯೋಗಾಲಯದ ನಿರ್ದೇಶಕ ಯಂಗ್ ಎಂಬಾತನು ಒಂಬತ್ತನೆಯ ದಿನ ಅದೇ ಜ್ವರಕ್ಕೆ ಬಲಿಯಾದನು.

ಅಸಿಬಿಯ ರಕ್ತದಿಂದ ಪಡೆದ ವಿಷಾಣುವನ್ನೇ ಪಳಗಿಸಿ ಥೈಲರನು 1937ರಲ್ಲಿ ಲಸಿಕೆಯನ್ನು ಸಿದ್ಧಪಡಿಸಿದನು. 1951ರಲ್ಲಿ ಆತನಿಗೆ ನೊಬೆಲ್ ಬಂದಿತು. ನಮ್ಮ ದೇಶದಲ್ಲಿ ಈ ಜ್ವರವಿಲ್ಲ. 1957ರಲ್ಲಿ ಶಿವಮೊಗ್ಗ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪೀತಜ್ವರವೇ ಬಂದಿತೋ ಎಂದು ಶಂಕಿಸಿದ್ದುಂಟು. ಪುಣೆಯ ಸಂಶೋಧಕರು ಪರೀಕ್ಷಿಸಿದಾಗ ಅದು ಉಣ್ಣೆ ಹರಡುವ ಬೇರೊಂದು ವಿಷಾಣುವೆಂದು ತಿಳಿಯಿತು.

ನೊಗುಚಿಯ ದೇಹ ನ್ಯೂಯಾರ್ಕಿನ ವುಡ್‌ಲಾನ್ ಸ್ಮಶಾನದಲ್ಲಿದೆ. 2004ರಿಂದ ಜಪಾನಿನ ಸಾವಿರ ಯೆನ್ ನೋಟಿನ ಮೇಲೆ ಆತನ ಮುಖ ಅಚ್ಚಾಗುತ್ತಿದ್ದಿತು. 2024ರಲ್ಲಿ ಹೊಸ ನೋಟು ಬಂದಿತು. ಅದರ ಮೇಲಿರುವುದು ಕಿತಸಾತೊ, ಎಂದೋ ಆತನನ್ನು ಸಹಾಯಕನಾಗಿ ಇಟ್ಟುಕೊಂಡಿದ್ದ ಸಂಸ್ಥೆಯ ಯಜಮಾನ.