ಮಣ್ಣಿನ ಲೋಟದ ಚಹಾ



ಭಾನುವಾರ ಪೂಜೆ ಮುಗಿದ ಕೂಡಲೇ ನಮ್ಮ ನಾಟ್ರಾಂಪಾಳ್ಯದ ಹುಡುಗರು ಬ್ಯಾಟು, ಚೆಂಡು ಹಿಡಿದು ಬಯಲಿಗೆ ಓಡುತ್ತಾರೆ. ಈ ಸಲ ಅವರಿಗಾಗಿ ಹಳೆಯ ಕಾಲದ ಕ್ರಿಕೆಟ್ ಆಟಗಾರರೊಬ್ಬರ ಬದುಕನ್ನು ನೆನೆಯುತ್ತೇವೆ. ಅವರ ಹೆಸರು ಪಲ್ವಂಕರ್ ಬಾಳೂ.

ಬಾಳೂ ಹುಟ್ಟಿದ್ದು 1870ರ ದಶಕದಲ್ಲಿ, ಧಾರವಾಡದಲ್ಲಿ, ಚಮ್ಮಾರ ಕುಟುಂಬವೊಂದರಲ್ಲಿ. ಪುಣೆಯಲ್ಲಿ ಬ್ರಿಟಿಷರ ಕ್ಲಬ್ಬಿನ ಮೈದಾನ ನೋಡಿಕೊಳ್ಳುವ ಕೆಲಸ ಅವರಿಗೆ ಸಿಕ್ಕಿತು. ಸಂಬಳ ತಿಂಗಳಿಗೆ 4 ರೂಪಾಯಿ. ಕ್ಲಬ್ಬಿನ ಆಂಗ್ಲರ ಅಭ್ಯಾಸಕ್ಕೆ ಗಂಟೆಗಟ್ಟಲೆ ಚೆಂಡು ಎಸೆಯುತ್ತಾ ಎಡಗೈ ಸ್ಪಿನ್ ಬೌಲಿಂಗ್‌ನಲ್ಲಿ ಪಳಗಿದರು. ಬ್ಯಾಟು ಹಿಡಿಯುವ ಅವಕಾಶ ಮಾತ್ರ ಅವರಿಗೆ ಅಪರೂಪ.

ಪುಣೆಯ ಹಿಂದೂ ತಂಡಕ್ಕೆ ಅವರ ಬೌಲಿಂಗ್ ಬೇಕಾಯಿತು. ಅವರು ಎಸೆದ ಚೆಂಡನ್ನು ಜೊತೆಗಾರರೆಲ್ಲ ಮುಟ್ಟುತ್ತಿದ್ದರು. ಆದರೆ ಚಹಾ ಸಮಯಕ್ಕೆ ಬಾಳೂ ಹೊರಗೆ ನಿಲ್ಲಬೇಕಿತ್ತು. ಅವರಿಗೆ ಚಹಾ ಮಣ್ಣಿನ ಲೋಟದಲ್ಲಿ, ಊಟ ಬೇರೆ ತಟ್ಟೆಯಲ್ಲಿ.

ಆಮೇಲೆ ಬಾಳೂ ಮುಂಬಯಿಗೆ ಹೋದರು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದಾಗ ಅವರೂ ತಮ್ಮ ಶಿವರಾಮರೂ ಆಡಿದ್ದರು. 1911ರಲ್ಲಿ ಭಾರತ ತಂಡದೊಡನೆ ಇಂಗ್ಲೆಂಡಿಗೆ ಹೋಗಿ 114 ವಿಕೆಟ್ ಪಡೆದರು. ಹೊತ್ತು ಕಳೆದಂತೆ ಜೊತೆಗಾರರು ಅವರೊಡನೆ ಕುಳಿತು ಉಂಡರು. ಆದರೂ ನಾಯಕನ ಸ್ಥಾನ ಅವರಿಗೆ ದಕ್ಕಲೇ ಇಲ್ಲ. 1920ರಲ್ಲಿ ಈ ಅನ್ಯಾಯವನ್ನು ಪ್ರತಿಭಟಿಸಿ ತಮ್ಮಂದಿರು ಆಡದೆ ಹೊರಗುಳಿದರು. ಕೊನೆಗೆ 1923ರಲ್ಲಿ ಅವರ ತಮ್ಮ ವಿಠ್ಠಲ್ ಹಿಂದೂ ತಂಡದ ನಾಯಕರಾದರು. ಅಣ್ಣನಿಗೆ ಮುಚ್ಚಿದ್ದ ಬಾಗಿಲು ತಮ್ಮನಿಗೆ ತೆರೆಯಿತು.

ಬಾಳೂ ಮುಂದೆ ರಾಜಕೀಯಕ್ಕೂ ಬಂದರು. 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1955ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.

ಇದು ಪರರ ತಪ್ಪಿನ ಕಥೆ ಎಂದು ನಾವು ಸುಮ್ಮನಿರುವಂತಿಲ್ಲ. ತಮಿಳುನಾಡಿನ ಎಷ್ಟೋ ದೇವಾಲಯಗಳಲ್ಲಿ ಕ್ರೈಸ್ತರಾದ ನಮ್ಮವರೇ ದಲಿತ ಸಹೋದರರಿಗೆ ಬೇರೆ ಜಾಗ, ಬೇರೆ ಸಮಾಧಿ ಭೂಮಿ ಮಾಡಿಟ್ಟಿದ್ದರು. ಪ್ರಭು ಯೇಸುವಾದರೋ ಬಾವಿಯ ಬಳಿ ಸಮಾರಿಯದ ಹೆಂಗಸಿನ ಕೈಯಿಂದಲೇ ನೀರು ಕೇಳಿದರು. ನಾವು ಒಂದೇ ಪೀಠದಿಂದ ಪರಮಪ್ರಸಾದ ಪಡೆಯುವವರು. ಹಬ್ಬದ ಊಟಕ್ಕೆ ಎಲೆ ಹಾಕುವಾಗ, ಸಂಘಗಳಿಗೆ ಮುಖಂಡರನ್ನು ಆರಿಸುವಾಗ ಬಾಳೂ ಅವರನ್ನು ನೆನೆಯೋಣ. ಪಂಕ್ತಿಯಲ್ಲಿ ಕೂರಿಸಿದರೆ ಸಾಲದು, ಮುಂದಾಳುತನವನ್ನೂ ಕೊಡಬೇಕು.