ದಾದಿಯರ ದಾರಿದೀಪ ಫ್ಲಾರೆನ್ಸ್ ನೈಟಿಂಗೇಲ್

ರೋಗಿಗೆ ಏನೇನು ಆರೈಕೆ ಬೇಕೆಂದು ಬರೆದಿಡುವುದು ಸುಲಭ. ಅದು ಹಗಲೂ ರಾತ್ರಿ ತಪ್ಪದೆ ನಡೆಯುವಂತೆ ನೋಡಿಕೊಳ್ಳುವುದು ಕಷ್ಟ. ಆ ಕಷ್ಟದ ಕೆಲಸವೇ ಶುಶ್ರೂಷೆಯ ತಿರುಳೆಂದು ತೋರಿಸಿಕೊಟ್ಟವರು ಫ್ಲಾರೆನ್ಸ್ ನೈಟಿಂಗೇಲ್.

1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಸಿರಿವಂತ ಇಂಗ್ಲಿಷ್ ಕುಟುಂಬದಲ್ಲಿ ಜನಿಸಿದ ಅವರು, ಮನೆಯವರ ವಿರೋಧವಿದ್ದರೂ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ತರಬೇತಿ ಪಡೆದರು. 1853ರಲ್ಲಿ ಲಂಡನ್ನಿನ ಮಹಿಳಾ ಆಸ್ಪತ್ರೆಯೊಂದರ ಮೇಲ್ವಿಚಾರಕಿಯಾದಾಗ, ಮಹಡಿ ಮಹಡಿಗೂ ಬಿಸಿನೀರಿನ ಕೊಳವೆ, ಊಟ ಮೇಲೇರಿಸುವ ಲಿಫ್ಟ್, ದಾದಿಯನ್ನು ಕರೆಯುವ ಗಂಟೆ ಬೇಕೆಂದು ಪಟ್ಟು ಹಿಡಿದರು. ದಾದಿಯ ಸಮಯ ಮೆಟ್ಟಿಲಲ್ಲಿ ಕಳೆಯದೆ ರೋಗಿಗೆ ಸಿಗಬೇಕೆಂಬುದು ಅವರ ಉದ್ದೇಶವಾಗಿತ್ತು.

ಕ್ರಿಮಿಯಾ ಯುದ್ಧದ ವೇಳೆ, 1854ರ ನವೆಂಬರ್‌ನಲ್ಲಿ, 38 ದಾದಿಯರೊಂದಿಗೆ ಟರ್ಕಿಯ ಸ್ಕುಟಾರಿ ಸೇನಾ ಆಸ್ಪತ್ರೆ ತಲುಪಿದರು. ಒಗೆದ ಬಟ್ಟೆ, ಪಥ್ಯದ ಊಟ, ರಾತ್ರಿ ದೀಪ ಹಿಡಿದು ವಿಚಾರಣೆ, ಎಲ್ಲವೂ ನಡೆಯಿತು. ಆದರೂ ಸಾವು ನಿಲ್ಲಲಿಲ್ಲ. 1855ರ ಫೆಬ್ರವರಿಯಲ್ಲಿ ಮರಣ ಪ್ರಮಾಣ ಶೇ. 42ಕ್ಕೇರಿತು. ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗ ಚರಂಡಿಗಳನ್ನು ಶುಚಿಗೊಳಿಸಿ, ಗಾಳಿ ಬೆಳಕಿಗೆ ದಾರಿ ಮಾಡಿದ ಮೇಲೆ ಜೂನ್ ವೇಳೆಗೆ ಅದು ಸುಮಾರು ಶೇ. 2ಕ್ಕೆ ಇಳಿಯಿತು. ಯುದ್ಧದ ನಂತರ ಈ ಅಂಕಿಗಳನ್ನು ಪರಿಶೀಲಿಸಿದಾಗ, ಎಷ್ಟೇ ಅಕ್ಕರೆಯ ಆರೈಕೆಯಾದರೂ ಫಲ ಸಿಕ್ಕಿತೇ ಎಂದು ಅಳೆದು ನೋಡಲೇಬೇಕೆಂಬುದು ಅವರಿಗೆ ಮನದಟ್ಟಾಯಿತು.

1859ರಲ್ಲಿ ಹೊರಬಂದ ಅವರ ಶುಶ್ರೂಷೆಯ ಪುಸ್ತಕದಲ್ಲಿ ಈ ಅನುಭವವೆಲ್ಲ ಇದೆ. ರೋಗಿ ಎಷ್ಟು ಉಂಡ, ಯಾವ ಹೊತ್ತಿಗೆ ಅವನಿಗೆ ಊಟ ಸೇರುತ್ತದೆ ಎಂದು ದಾದಿ ಗಮನಿಸಬೇಕು. ತಾನಿಲ್ಲದ ವೇಳೆಯಲ್ಲೂ ಆರೈಕೆ ತಪ್ಪದಂತೆ ಏರ್ಪಾಡು ಮಾಡಿ ಹೋಗಬೇಕು. ಮರುವರ್ಷ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ತರಬೇತಿ ಶಾಲೆ ಆರಂಭವಾಯಿತು.

ಭಾರತಕ್ಕೆ ಅವರು ಒಮ್ಮೆಯೂ ಬರಲಿಲ್ಲ. ಆದರೆ ಇಲ್ಲಿನ ದಂಡು ಪ್ರದೇಶಗಳಿಂದ ವರದಿ ತರಿಸಿಕೊಂಡು 1860ರ ದಶಕದಲ್ಲಿ ನೈರ್ಮಲ್ಯಕ್ಕಾಗಿ ಒತ್ತಾಯಿಸಿದರು. ಕುಡಿಯಲು ಬಳಸುತ್ತಿದ್ದ ಬೆಂಗಳೂರಿನ ಹಲಸೂರು ಕೆರೆಗೆ ಪೇಟೆಯ ಕೊಳಚೆ ಸೇರುತ್ತಿದ್ದುದೂ ಅವರ ಗಮನಕ್ಕೆ ಬಂದಿತ್ತು.

1910ರ ಆಗಸ್ಟ್ 13ರಂದು, 90ರ ವಯಸ್ಸಿನಲ್ಲಿ ಅವರು ನಿಧನರಾದರು. ಅವರ ಜನ್ಮದಿನವನ್ನು ಅಂತಾರಾಷ್ಟ್ರೀಯ ದಾದಿಯರ ದಿನವಾಗಿ ಆಚರಿಸಲಾಗುತ್ತಿದೆ. ಒಂದು ಪಾಳಿಯ ದಾದಿ ಮುಂದಿನ ಪಾಳಿಯವರಿಗೆ ರೋಗಿಯ ಸ್ಥಿತಿ ವಿವರಿಸಿ, ಬರೆದಿಟ್ಟು ಹೋಗುವಾಗಲೆಲ್ಲ ಅವರ ಪಾಠ ಮುಂದುವರಿಯುತ್ತಿದೆ.