ಹಳ್ಳಿಗೆ ಬಂದ ಮನೋವೈದ್ಯ: ಡಾ. ಆರ್. ಎಲ್. ಕಪೂರ್

ನಮ್ಮ ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಯಾರಾದರೂ ನಿದ್ದೆ ಬಿಟ್ಟು ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳತೊಡಗಿದರೆ ಮನೆಯವರು ಮೊದಲು ಶಾಸ್ತ್ರ ಕೇಳಿಸುತ್ತಾರೆ. ಗಾಳಿ ಸೋಕಿದೆ ಎಂದರೆ ತಾಯತ, ಇಲ್ಲವೇ ಮಾದಪ್ಪನಿಗೆ ಹರಕೆ. ಆಸ್ಪತ್ರೆಯ ಮಾತು ಬರುವ ಹೊತ್ತಿಗೆ ವರ್ಷಗಳೇ ಉರುಳಿರುತ್ತವೆ. ಓದಿದ ನಾವು ಮೂಢನಂಬಿಕೆ ಎಂದು ಬೈದು ಸುಮ್ಮನಾಗುತ್ತೇವೆ. ಹಾಗೆ ಬೈಯದೆ, ಜನ ಅಲ್ಲಿಗೇ ಏಕೆ ಹೋಗುತ್ತಾರೆಂದು ಕುಳಿತು ವಿಚಾರಿಸಿದವರು ಡಾ. ಕಪೂರ್.

ಅವರು ಕನ್ನಡದವರಲ್ಲ, ಉತ್ತರ ಭಾರತದವರು. ಎಡಿನ್‌ಬರೋದಲ್ಲಿ ಪ್ರೊ. ಮಾರಿಸ್ ಕಾರ್‌ಸ್ಟೇರ್ಸ್ ಅವರ ಜೊತೆ ಕೆಲಸ ಮಾಡಿದ್ದರು. 1970ರ ದಶಕದ ಆರಂಭದಲ್ಲಿ ಇಬ್ಬರೂ ಸೇರಿ ಆರಿಸಿಕೊಂಡದ್ದು ಕರಾವಳಿಯ ಕೋಟವನ್ನು, ಅಂದರೆ ಶಿವರಾಮ ಕಾರಂತರ ಊರನ್ನು. ಅಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಮನೆಗಳಿಗೆ ಹೋಗಿ ಮನಸ್ಸಿನ ಸ್ಥಿತಿ ವಿಚಾರಿಸಿದರು. ವಿಲಾಯಿತಿಯ ಪ್ರಶ್ನೆಪಟ್ಟಿಯನ್ನು ಹಾಗೇ ತರಲಿಲ್ಲ. ನಮ್ಮ ಜನ ಸಂಕಟವನ್ನು ಹೇಳಿಕೊಳ್ಳುವ ರೀತಿಗೆ ಹೊಂದುವ ಹೊಸ ಪ್ರಶ್ನೆಪಟ್ಟಿಯನ್ನೇ ಸಿದ್ಧಪಡಿಸಿದರು. ಮನಸ್ಸು ಸರಿಯಿಲ್ಲ ಎಂದು ನಮ್ಮಲ್ಲಿ ಯಾರು ಹೇಳುತ್ತಾರೆ? ಮೈಕೈ ನೋವು, ತಲೆಭಾರ ಎನ್ನುತ್ತಾರೆ.

ಊರಿನ ವೈದ್ಯರು, ಮಂತ್ರವಾದಿಗಳು, ದೈವ ಮೈಮೇಲೆ ಬರುವ ಪಾತ್ರಿಗಳು ಎಲ್ಲರನ್ನೂ ಕಪೂರ್ ಮಾತಾಡಿಸಿದರು. ಜನ ಡಾಕ್ಟರನ್ನೂ ಬಿಡುವುದಿಲ್ಲ, ಪಾತ್ರಿಯನ್ನೂ ಬಿಡುವುದಿಲ್ಲ ಎಂಬುದನ್ನು ಕಂಡುಕೊಂಡರು. ಈ ಅಧ್ಯಯನ 1976ರಲ್ಲಿ ಪುಸ್ತಕವಾಯಿತು. ಇಂಥದೇ ದಾರಿಯನ್ನು ನೈಜೀರಿಯಾದಲ್ಲಿ ಡಾ. ಲ್ಯಾಂಬೊ ಮೊದಲೇ ಹಿಡಿದಿದ್ದರು. 1954ರಿಂದ ಆರೋ ಎಂಬಲ್ಲಿ ಅವರು ರೋಗಿಗಳನ್ನು ಬಂಧುಗಳೊಡನೆ ಹಳ್ಳಿ ಮನೆಗಳಲ್ಲೇ ಇರಿಸಿ, ನಾಟಿ ವೈದ್ಯರನ್ನೂ ಜೊತೆಗೆ ಸೇರಿಸಿಕೊಂಡು ಚಿಕಿತ್ಸೆ ಕೊಟ್ಟರು.

ಹಾಗೆಂದು ಎಲ್ಲ ಮಂತ್ರವಾದವೂ ಸರಿ ಎನ್ನಲಾರೆ. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿ ಬಿಗಿದಿದ್ದ ರೋಗಿಗಳು ಬೆಂಕಿಗೆ ಸಿಕ್ಕಿದರು, 28 ಮಂದಿ ಸತ್ತರು. ಅದು ನಂಬಿಕೆಯಲ್ಲ, ಹಿಂಸೆ.

ಕಪೂರ್ ನಿಮ್ಹಾನ್ಸ್‌ಗೆ ಬಂದ ಮೇಲೆ 1975ರ ಸುಮಾರಿಗೆ ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ಶುರುವಾಯಿತು. ನಾನು ಜಿಗಣಿ ಕಡೆ ಕೆಲಸಕ್ಕೆ ಹೋಗುವಾಗ ಆ ಊರಿನ ದಾರಿ ನೋಡುತ್ತಿರುತ್ತೇನೆ. ಸಾಫ್ಟ್‌ವೇರಿನವನಾದ ನನಗೆ ಅಲ್ಲಿ ಮಾಡಿದ್ದು ಬಹಳ ಹಿಡಿಸಿತು. ಸಾವಿರ ಮನೋವೈದ್ಯರು ಬರಲಿ ಎಂದು ಕಾಯಲಿಲ್ಲ. ಇರುವ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಮನೆಮನೆ ಸುತ್ತುವ ಆರೋಗ್ಯ ಕಾರ್ಯಕರ್ತರಿಗೆ ರೋಗ ಗುರುತಿಸುವುದನ್ನು ಕಲಿಸಿದರು. ಆಯ್ದ ಕೆಲವೇ ಮಾತ್ರೆಗಳು, ಮನೆಯ ಹತ್ತಿರವೇ ಚಿಕಿತ್ಸೆ. ಇದೇ ಕೆಲಸ ಬೆಳೆದು 1985ರಲ್ಲಿ ಬಳ್ಳಾರಿಯಲ್ಲಿ ಇಡೀ ಜಿಲ್ಲೆಗೆ ಪ್ರಯೋಗವಾಯಿತು, ಆಮೇಲೆ ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಕೊನೆಗಾಲದಲ್ಲಿ ಕಪೂರ್ ಹಿಮಾಲಯದ ಸಾಧುಗಳ ನಡುವೆ ಓಡಾಡಿ ಅವರ ಮನಸ್ಸನ್ನೂ ಅರಿಯಲು ಹೊರಟರು. ಆ ಪುಸ್ತಕ ಅಚ್ಚಾಗುವ ಮೊದಲೇ, 2006ರಲ್ಲಿ ತೀರಿಕೊಂಡರು.

ನಮ್ಮೂರಿಂದ ಬೆಂಗಳೂರು ಸುಮಾರು 200 ಕಿಲೋಮೀಟರ್. ಈಗ ಅಷ್ಟು ದೂರ ಹೋಗಲೇಬೇಕೆಂದಿಲ್ಲ. ಮಾದಪ್ಪನ ಹರಕೆ ತೀರಿಸಿ ಬಂದವರೂ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು, 14416ಕ್ಕೆ ಫೋನು ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.